ಓರೆ ಮೆಟ್ಟಿಲಿನ ಎವೋದಿಯೊ

ಎವೋದಿಯೊ ಕೂಯಿನ್‌ನ ಮೂಗು ಮುರಿದವನು ಅವನ ಅಪ್ಪನೇ. ದೇವದಾರಿನಲ್ಲಿ ಕಡೆದ, ಇನ್ನೂ ತಂತಿ ಕಾಣದ ಗಿಟಾರಿನ ಕೊರಳೊಂದನ್ನು ಎತ್ತಿ ಮುಖಕ್ಕೇ ಬೀಸಿದ್ದ. ಹುಡುಗ ಮಾಡಿದ ತಪ್ಪೆಂದರೆ, ಕೊರಳಿನ ಮೇಲೆ ಲೋಹದ ಮೆಟ್ಟಿಲು ಕೂರಿಸುವ ಸೀಳುಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಆಚೆಗೆ ಕೊಯ್ದದ್ದು. ಪರಾಚೊ ಬೆಟ್ಟದ ಬುಡದಲ್ಲಿರುವ ನಮ್ಮ ಸಾನ್ ಬಾರ್ತೊಲೊದಲ್ಲಿ ಅದು ದೊಡ್ಡ ಸುದ್ದಿಯೇನಲ್ಲ. ಮನೆಮನೆಯಲ್ಲೂ ಗಿಟಾರು ಮಾಡುತ್ತಿದ್ದರು, ಮನೆಮನೆಯಲ್ಲೂ ಮಕ್ಕಳಿಗೆ ಬೀಳುತ್ತಿತ್ತು. ಎದುರುಮನೆಯ ನಾವು ಆ ಬೆಳಿಗ್ಗೆ ಕೊಡತಿಯ ಸದ್ದು ನಿಂತದ್ದನ್ನು ಕೇಳಿದೆವು, ಆಮೇಲೆ ಎವೋದಿಯೊ ಮೂಗನ್ನು ಎರಡೂ ಕೈಯಲ್ಲಿ ಹಿಡಿದು ನಲ್ಲಿಯ ಕಡೆ ಓಡಿದ್ದನ್ನು ಕಂಡೆವು. ಬೆರಳುಗಳ ನಡುವಿನಿಂದ ರಕ್ತ ಸುರಿಯುತ್ತಿತ್ತು. ಅವನು ಅಳಲಿಲ್ಲ. ಮುಖ ತೊಳೆದು ಬಂದು, ಹೊಸ ಮರದ ಪಟ್ಟಿ ತೆಗೆದುಕೊಂಡು, ಮತ್ತೆ ಗರಗಸ ಹಿಡಿದ.

ಅಪ್ಪನ ಹೆಸರು ವೆನ್ಸೆಸ್ಲಾವೊ. ದೊಡ್ಡವರನ್ನೆಲ್ಲ ಕರೆಯುವಂತೆ ಅವನನ್ನೂ ನಾವು ತಾತಾ ಎಂದೇ ಕರೆಯುತ್ತಿದ್ದೆವು. ಗಿಡ್ಡ ಮನುಷ್ಯ, ಸೊಂಟದಲ್ಲಿ ಸದಾ ಒಂದು ಬಾಚಿ. ಅದರಿಂದಲೇ ಮರ ಕೆತ್ತುತ್ತಿದ್ದ, ಅದರಿಂದಲೇ ಹಾವು ಕೊಲ್ಲುತ್ತಿದ್ದ. ಇಗರ್ಜಿಗೂ ಅದನ್ನು ಸಿಕ್ಕಿಸಿಕೊಂಡೇ ಹೋಗುತ್ತಿದ್ದ. ಅವನು ಮಾಡಿದ ಗಿಟಾರಿನ ದನಿ ಎಷ್ಟು ಮೃದುವೋ ಅವನ ಕೈ ಅಷ್ಟೇ ಒರಟು.

ಮೀಸೆ ದಟ್ಟವಾಗುತ್ತಲೇ ಎವೋದಿಯೊ ಗಡಿ ದಾಟಿ ಉತ್ತರಕ್ಕೆ ಹೋದ. ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಗಿಟಾರು ಮಾಡುವ ಕೆಲಸ ಸಿಕ್ಕಿತು. ಹಲವು ವರ್ಷ ಅಲ್ಲಿದ್ದ. ಅವನನ್ನು ಅಲ್ಲಿಂದ ಓಡಿಸಿದ್ದು ಅವನ ಸಿಟ್ಟೇ. ಮೇಸ್ತ್ರಿಯೊಬ್ಬ ಅವನ ತಾಯಿಯ ಬಗ್ಗೆ ಏನೋ ಅಂದನಂತೆ. ಕೈಗೆ ಸಿಕ್ಕ, ಮರ ಬಿಗಿಯುವ ಕಬ್ಬಿಣದ ಪಟ್ಟಿಯಿಂದ ಎವೋದಿಯೊ ಅವನ ದವಡೆ ಮುರಿದ. ಜೈಲಾಯಿತು, ಅಲ್ಲಿಂದ ಕೈಕೋಳ ಹಾಕಿಸಿಕೊಂಡು ಗಡಿಯ ಸೇತುವೆ, ಅಲ್ಲಿಂದ ಬಸ್ಸು. ಬರುವಾಗ ಅವನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಉಳಿಗಳಿದ್ದವು. ಅಷ್ಟರಲ್ಲಿ ಅವನ ತಂಗಿ ಒಬ್ದೂಲಿಯಾಳನ್ನು ನಾನು ಮದುವೆಯಾಗಿದ್ದೆ, ಅವರ ಮನೆಯ ಹಿಂದಿನ ಕೋಣೆಯಲ್ಲಿ ಮೆರುಗೆಣ್ಣೆ ಹಚ್ಚುವ ಕೆಲಸ ಮಾಡುತ್ತಿದ್ದೆ. ಆದ್ದರಿಂದ ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಬಂದ ಹೊಸತರಲ್ಲೇ ಅವನು ಒಂದು ಎಲೆಕ್ಟ್ರಿಕ್ ಗಿಟಾರು ಮಾಡಿದ. ಅದರ ಮೆಟ್ಟಿಲುಗಳು ನೆಟ್ಟಗಿರಲಿಲ್ಲ. ನಡುವಿನದೊಂದು ಮಾತ್ರ ಅಡ್ಡಕ್ಕೆ ನೇರ, ಉಳಿದವೆಲ್ಲ ಬೀಸಣಿಗೆಯ ಕಡ್ಡಿಗಳಂತೆ ಅತ್ತ ಇತ್ತ ಓರೆಯಾಗಿದ್ದವು. ತಂತಿಗಳನ್ನು ಹೊರುವ ಕುದುರೆಯೂ ಓರೆ. ತಾತಾ ಅದನ್ನು ಕೈಗೆತ್ತಿಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ.

"ಕುಡಿದು ಕೂರಿಸಿದ್ಯೇನೋ ಇವನ್ನ?"

"ಇಲ್ಲಪ್ಪ. ದಪ್ಪ ತಂತಿಗೆ ಉದ್ದ ಜಾಸ್ತಿ ಬೇಕು, ಇಲ್ದಿದ್ರೆ ಸಡಿಲಾಗಿ ಗೊರಗೊರ ಅನ್ನುತ್ತೆ. ಸಣ್ಣದಕ್ಕೆ ಅಷ್ಟುದ್ದ ಕೊಟ್ರೆ ಬಿಗಿದು ಕಿತ್ಕೊಳ್ಳತ್ತೆ. ಒಂದೊಂದಕ್ಕೂ ಅದರದರ ಅಳತೆ ಕೊಟ್ರೆ ಮೆಟ್ಟಿಲು ತಾನಾಗೇ ಓರೆ ಆಗುತ್ತೆ."

"ನಮ್ಮಪ್ಪ ನೆಟ್ಟಗೆ ಕೂರಿಸ್ದ. ಅವರಪ್ಪ ನೆಟ್ಟಗೆ ಕೂರಿಸ್ದ. ನೀನು ಜೈಲಲ್ಲಿ ಕಲಿತು ಬಂದು ನಂಗೆ ಹೇಳ್ಕೊಡ್ತೀಯಾ?"

"ಒಂದ್ಸಲ ಬಾರ್ಸಿ ನೋಡು."

ತಾತಾ ಬಾರಿಸಲಿಲ್ಲ. ಗಿಟಾರನ್ನು ದಿಮ್ಮಿಯ ಮೇಲಿಟ್ಟು, ಸೊಂಟದ ಬಾಚಿ ತೆಗೆದು, ಕೊರಳು ಒಡಲು ಸೇರುವಲ್ಲಿಗೆ ಸರಿಯಾಗಿ ಹೊಡೆದ. ಎರಡನೇ ಏಟಿಗೆ ಅದು ಬೇರೆಯಾಯಿತು. ಮೂರನೆಯದು ಬೀಳುವ ಮೊದಲೇ ಎವೋದಿಯೊ ಅಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಮುದುಕನ ಕಾಲು ನೆಲ ಬಿಟ್ಟಿತ್ತು. ಬಾಚಿ ಇನ್ನೂ ಅವನ ಕೈಯಲ್ಲೇ ಇತ್ತು. ಇಬ್ಬರೂ ಮೂಗಿನಿಂದ ಬುಸುಗುಡುತ್ತಿದ್ದರು. ನಾನು ಎಳೆದರೆ ಯಾರೂ ಕದಲಲಿಲ್ಲ. ಒಬ್ದೂಲಿಯಾ ಒಲೆಯ ಮೇಲಿನ ಬಿಸಿ ಅತೋಲೆಯ ಪಾತ್ರೆ ತಂದು ಇಬ್ಬರ ಮೇಲೂ ಸುರಿದಳು. ಜೋಳದ ಗಂಜಿ ಮೈಗಂಟಿ ಸುಟ್ಟಾಗ ಇಬ್ಬರೂ ಕೂಗಿಕೊಂಡು ದೂರ ಸರಿದರು.

"ಸಾಯ್ಬೇಕು ಅಂದ್ರೆ ಬೀದೀಲಿ ಸಾಯ್ರಿ. ನನ್ನ ಅಡುಗೆಮನೆ ಪಕ್ಕ ಬೇಡ," ಎಂದಳು.

ಆ ಸಂಜೆಯೇ ಮನೆಯ ಗಿಟಾರು ಕಾರ್ಖಾನೆಯ ನಡುವೆ ಹಲಗೆಯ ಗೋಡೆ ಎದ್ದಿತು. ಬೀದಿಗೆ ಎರಡು ಬಾಗಿಲಾದವು. ಒಂದು ಕಡೆ ಅಪ್ಪ ನೆಟ್ಟ ಮೆಟ್ಟಿಲಿನ ಗಿಟಾರು ಮಾಡುತ್ತಿದ್ದ, ಇನ್ನೊಂದು ಕಡೆ ಮಗ ಓರೆ ಮೆಟ್ಟಿಲಿನದು. ಒಂದೇ ಪಾತ್ರೆಯ ಚುರಿಪೊ ಸಾರು ಉಣ್ಣುತ್ತಿದ್ದರು, ಆದರೆ ಬೇರೆ ಬೇರೆ ಹೊತ್ತಿಗೆ. ಬೇಕಾದದ್ದನ್ನು ಒಬ್ದೂಲಿಯಾಳ ಮೂಲಕ ಹೇಳಿಸುತ್ತಿದ್ದರು, ಬೈಗುಳವನ್ನೂ. "ನಿಮ್ಮಣ್ಣಂಗೆ ಹೇಳು, ಅವನ ಮೋಟಾರಿನ ಸದ್ದಿಗೆ ನನ್ನ ಹಲ್ಲು ಉದುರ್ತಿದೆ ಅಂತ." "ಅಪ್ಪಂಗೆ ಹೇಳು, ಉದುರೋಕೆ ಇರೋದೇ ಎರಡು ಅಂತ."

ಎವೋದಿಯೊನ ಹೆಸರು ಹಬ್ಬಿತು. ಮೊರೇಲಿಯಾ, ಗ್ವಾದಲಹಾರಾದ ಕಡೆಯಿಂದ ಕರಿ ಅಂಗಿಯ, ಉದ್ದಗೂದಲಿನ ಹುಡುಗರು ಬಂದು ಏಳು ತಂತಿ, ಎಂಟು ತಂತಿಯ ಗಿಟಾರು ಮಾಡಿಸುತ್ತಿದ್ದರು. ಅವರು ಬಾರಿಸುವುದನ್ನು ಕೇಳಿದರೆ ಕಲ್ಲಿನ ಗಣಿಯಲ್ಲಿ ನಿಂತಂತಿರುತ್ತಿತ್ತು. ಬಂದವರ ಕೈಯನ್ನು ಎವೋದಿಯೊ ಮೊದಲು ನೋಡುತ್ತಿದ್ದ, ಮುಖವನ್ನು ಆಮೇಲೆ.

ಹಾಗೆ ಬಂದವಳು ನೆರೈದಾ ಸಲಾಪಾ. ಉರುವಾಪಾನಿನವಳು, ಅಲ್ಲಿನ ಒಂದು ತಂಡದ ಗಿಟಾರು ಅವಳದು. ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಒಳಗೆ ಬಂದಳು.

"ಕೈ ತೋರ್ಸು," ಎಂದ ಎವೋದಿಯೊ.

ಅವಳು ತೆಗೆದು ಮೇಜಿನ ಮೇಲಿಟ್ಟಳು. ಅಂಗೈಯ ನಡುವೆ ಹೊಲಿಗೆಯ ಗುರುತುಗಳು ದಾರದಂತೆ ಉಬ್ಬಿದ್ದವು. ಉಂಗುರದ ಬೆರಳು, ಕಿರುಬೆರಳು ಹೊರಕ್ಕೆ ವಾಲಿದ್ದವು. ಮಣಿಕಟ್ಟು ಒಳಗೆ ತಿರುಗುತ್ತಲೇ ಇರಲಿಲ್ಲ, ಒಳಗೆ ಉಕ್ಕಿನ ಕಡ್ಡಿಯಿತ್ತು.

"ಯಾರು ಮಾಡಿದ್ದು?"

"ತೆಹೋನ್."

ಯಾವ ತೆಹೋನ್ ಎಂದು ನಾವು ಕೇಳಲಿಲ್ಲ. ಜೋಳದ ಹೊಲಕ್ಕೆ ನುಗ್ಗುವ ಆ ಮೂತಿಯುದ್ದದ ಪ್ರಾಣಿಯ ಹೆಸರಿಟ್ಟುಕೊಂಡವನು ಒಬ್ಬನೇ ಇದ್ದ. ಬೆಟ್ಟದ ಕಾಡನ್ನೆಲ್ಲ ಬಂದೂಕು ಹಿಡಿದು ಆಕ್ರಮಿಸಿ, ಪೈನ್ ಮರಗಳನ್ನು ಲಾರಿಗಟ್ಟಲೆ ಕಡಿದು ಸಾಗಿಸುತ್ತಿದ್ದ ಗುಂಪಿನ ನಾಯಕ. ನಾವು ಅವರನ್ನು ಬೆಟ್ಟದವರು ಎನ್ನುತ್ತಿದ್ದೆವು. ಮರ ತರಲು ಹೋದ ನಮ್ಮ ಬೀದಿಯ ಇಬ್ಬರು ವಾಪಸು ಬಂದಿರಲಿಲ್ಲ. ಒಬ್ಬನ ತಲೆ ಮಾತ್ರ ಬಂದಿತ್ತು, ರಟ್ಟಿನ ಡಬ್ಬದಲ್ಲಿ.

ನೆರೈದಾ ಹೇಳಿದ್ದು ಚಿಕ್ಕದಾಗಿ. ತೆಹೋನನ ತೋಟದ ಮನೆಯಲ್ಲಿ ಬಾರಿಸಲು ಅವರ ತಂಡವನ್ನು ಎತ್ತಿಕೊಂಡು ಹೋಗಿದ್ದರು. ನಡುವೆ ಯಾವನೋ ಡ್ರಮ್ಮಿನ ಹುಡುಗನನ್ನು ತಮಾಷೆಗೆಂದು ಒದೆಯತೊಡಗಿದ. ಇವಳು ಬಾರಿಸುವುದನ್ನು ನಿಲ್ಲಿಸಿದಳು. ಬಾರಿಸು ಎಂದ ತೆಹೋನ್. ಇವಳು ಬಾರಿಸಲಿಲ್ಲ.

"ಬಾರ್ಸದೇ ಇರೋ ಕೈ ಯಾಕೆ ನಿಂಗೆ ಅಂದ. ಟ್ರಕ್ಕಿನ ಬಾಗಿಲಲ್ಲಿಟ್ಟು ಮುಚ್ಚಿಸ್ದ. ಅಷ್ಟೆ. ಈಗ ನಂಗೆ ಬಾರ್ಸಬೇಕು. ಆಗುತ್ತಾ ಇಲ್ವಾ, ಅದು ಹೇಳು."

"ಗೊತ್ತಿಲ್ಲ," ಎಂದ ಎವೋದಿಯೊ. "ಒಬ್ದೂಲಿಯಾ, ತೊರ್ತಿಯಾಗೆ ನಾದಿದ ಹಿಟ್ಟು ಇದೆಯಾ?"

ಬರಿಯ ಕೊರಳೊಂದಕ್ಕೆ ಉದ್ದಕ್ಕೂ ಜೋಳದ ಹಿಟ್ಟು ಮೆತ್ತಿ ಅವಳ ಕೈಗೆ ಕೊಟ್ಟ. "ಕಣ್ಮುಚ್ಚು. ನೋವಾಗೋ ಕಡೆ ಹೋಗ್ಬೇಡ. ಬೆರಳು ಎಲ್ಲಿ ತಾನಾಗೇ ಬೀಳುತ್ತೋ ಅಲ್ಲಿ ಒತ್ತು." ಅವಳು ಒತ್ತಿದಳು. ಹಿಟ್ಟು ತೆಗೆದು ಮತ್ತೆ ಮೆತ್ತಿದ, ಮತ್ತೆ ಒತ್ತಿಸಿದ. ಮಧ್ಯಾಹ್ನದವರೆಗೂ ಇದೇ ನಡೆಯಿತು. ಅವಳ ಕೈ ಎಲ್ಲಿ ನೋವಿಲ್ಲದೆ ನೇರವಾಗಿ ಕೂರುತ್ತದೋ ಆ ಜಾಗ ಸಿಕ್ಕಿತು. ಅದು ಬೇರೆಯವರಿಗಿಂತ ತುಂಬ ಮೇಲೆ, ಒಡಲಿನ ಹತ್ತಿರ ಇತ್ತು. ನೇರ ಮೆಟ್ಟಿಲು ಅಲ್ಲಿ ಬರಬೇಕು, ಅಲ್ಲಿಂದ ತಲೆಯ ಕಡೆಗೆ ಹೋದಂತೆ ಒಂದೊಂದೂ ಹೆಚ್ಚು ಹೆಚ್ಚು ಓರೆಯಾಗಬೇಕು. ಅವನು ಅಷ್ಟು ಓರೆ ಯಾವತ್ತೂ ಕೊಯ್ದಿರಲಿಲ್ಲ.

ಹಲಗೆಯ ಆಚೆ ತಾತಾನ ತೋಪಡದ ಸದ್ದು ನಿಂತದ್ದನ್ನು ನಾನು ಗಮನಿಸಿದ್ದೆ. ಅವಳು ಹೋದ ಮೇಲೆ ಮುದುಕ ಬೀದಿ ಬಳಸಿ ಮಗನ ಬಾಗಿಲಿಗೆ ಬಂದ. ಗೋಡೆ ಎದ್ದ ಮೇಲೆ ಅದೇ ಮೊದಲು.

"ಒಂದು ಮಾತಿಗೆ ಆ ಗ್ರಿಂಗೊ ಮೇಸ್ತ್ರಿ ದವಡೆ ಮುರಿದೆ ನೀನು. ಅಪ್ಪನ ಕತ್ತು ಹಿಡಿದೆ. ಈಗ ಆ ಹುಡುಗಿ ಕೈ ನೋಡಿ ಹಿಟ್ಟು ನಾದ್ತಾ ಕೂತಿದೀಯಾ?"

"ಕೆಲ್ಸ ಇದೆ ಅಪ್ಪ."

"ಅವನ ಕೈ ಇನ್ನೂ ನೆಟ್ಟಗಿದೆ ಗೊತ್ತಾ? ಪ್ರತಿ ಭಾನುವಾರ ನಮ್ಮೂರ ಚೌಕದಲ್ಲಿ ಕೂತು ಅದೇ ಕೈಲಿ ಹಂದಿಮಾಂಸ ತಿಂತಾನೆ."

"ಗೊತ್ತು. ಅವನಿಗೆ ಹೊಡೆದ್ರೆ ಬೀದಿಯೆಲ್ಲಾ ಸುಡ್ತಾರೆ. ನಂಗೆ ಈ ಗಿಟಾರು ಮುಗಿಸ್ಬೇಕು."

ತಾತಾ ಕೊರಳಿನ ಮೇಲಿದ್ದ ಪೆನ್ಸಿಲ್ ಗೆರೆಗಳನ್ನು ನೋಡಿದ. "ಈ ಮರ ತಿರುಚ್ಕೊಳ್ಳುತ್ತೆ. ಇದಕ್ಕಿಂತ ಗಟ್ಟಿದು ಹಾಕು," ಎಂದು ಹೇಳಿ ಹೋದ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಾನು ಮಾಂಸ ತರಲು ಚೌಕಕ್ಕೆ ಹೋಗಿದ್ದೆ. ಹಂದಿಮಾಂಸ ಮಾರುವ ಮುದುಕಿ, ನಾವು ನಾನಾ ಎಂದು ಕರೆಯುತ್ತಿದ್ದ ಯೂಫ್ರೊಸಿನಾಳ ತಾಮ್ರದ ಕಡಾಯಿಯಲ್ಲಿ ಕೊಬ್ಬು ಕುದಿಯುತ್ತಿತ್ತು. ಬೆಂಚಿನ ಮೇಲೆ ತೆಹೋನ್ ಕೂತಿದ್ದ, ಹಿಂದೆ ಬಂದೂಕಿನ ಇಬ್ಬರು ನಿಂತಿದ್ದರು. ತಾತಾ ವೆನ್ಸೆಸ್ಲಾವೊ ಇಗರ್ಜಿಯ ಕಡೆಯಿಂದ ನಿಧಾನವಾಗಿ ಬಂದ. ಸೊಂಟದಲ್ಲಿ ಬಾಚಿಯಿತ್ತು, ಆದರೆ ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ?

"ಬನ್ನಿ ತಾತಾ, ಕೂತ್ಕೊಳ್ಳಿ, ತಿನ್ನಿ," ಎಂದ ತೆಹೋನ್. ಹಿರಿಯರನ್ನು ಕಂಡರೆ ಮರ್ಯಾದೆ ಕೊಡುವ ಅಭ್ಯಾಸ ಅವನಿಗೂ ಇತ್ತು.

"ನೀನು ಯಾವ ಕೈಲಪ್ಪ ತಿನ್ನೋದು?"

"ಬಲಗೈಲಿ. ಯಾಕೆ ತಾತಾ?" ನಗುತ್ತ ಕೈಯನ್ನು ಮೇಜಿನ ಮೇಲೆ ಚಾಚಿದ.

ಬಾಚಿ ಬಂದದ್ದೇ ಕಾಣಲಿಲ್ಲ. ಸದ್ದು ಮಾತ್ರ ಕೇಳಿಸಿತು, ಹಸಿ ಕೊಂಬೆ ಸೀಳಿದ ಸದ್ದು. ಬಾಚಿ ಅಂಗೈಯನ್ನು ದಾಟಿ ಹಲಗೆಯೊಳಗೆ ಇಳಿದಿತ್ತು. ತೆಹೋನ್ ತನ್ನ ಕೈಯನ್ನೇ ನೋಡಿದ, ಅದು ಯಾರದೋ ಎಂಬಂತೆ. ಆಮೇಲೆ ಕಿರುಚಿದ. ತಾತಾ ಬಾಚಿಯನ್ನು ಕೀಳಲು ಎಳೆಯುತ್ತಿದ್ದ, ಇನ್ನೊಂದು ಏಟಿಗೆ. ಕಾವಲಿನವರಲ್ಲಿ ಒಬ್ಬ ಅವನ ಹೊಟ್ಟೆಗೆ ಬಂದೂಕಿಟ್ಟು ಹಾರಿಸಿದ. ಮುದುಕ ಬೆಂಚಿನ ಮೇಲೆ ಕೂತುಬಿಟ್ಟ, ದಣಿದವನಂತೆ. ಇನ್ನೊಬ್ಬನ ಗುಂಡು ಅವನ ಭುಜ ಸೀಳಿತು.

ಅದನ್ನು ಹಾರಿಸಿದವನ ಕಾಲಿನ ಮೇಲೆ ನಾನಾ ಯೂಫ್ರೊಸಿನಾ ಕಡಾಯಿಯನ್ನೇ ಉರುಳಿಸಿದಳು. ಅವನ ಚರ್ಮ ಪ್ಯಾಂಟಿನ ಜೊತೆಯೇ ಬಂತು. ಅಂಥ ಕೂಗನ್ನು ನಾನು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ. ಉಳಿದ ಕಾವಲುಗಾರ ತೆಹೋನನನ್ನು ಬಿಡಿಸಿಕೊಂಡು ಟ್ರಕ್ಕಿಗೆ ನೂಕಿ ಹೊರಟ. ಅಷ್ಟರಲ್ಲಿ ಯಾರೋ ಇಗರ್ಜಿಯ ಗಂಟೆ ಹೊಡೆಯತೊಡಗಿದ್ದರು. ಬೀದಿಬೀದಿಯಿಂದ ಜನ ಕೈಯಲ್ಲಿದ್ದುದನ್ನೇ ಹಿಡಿದು ಬಂದರು. ಉಳಿ, ಕೊಡತಿ, ಗರಗಸ, ಅರ್ಧ ಮಾಡಿದ ಗಿಟಾರಿನ ಕೊರಳು. ಎಷ್ಟೋ ವರ್ಷ ನುಂಗಿಕೊಂಡದ್ದೆಲ್ಲ ಅವರ ಮುಖದಲ್ಲಿತ್ತು. ಚೌಕದ ಬಾಯಿಗೆ ಮರದ ದಿಮ್ಮಿಗಳು ಉರುಳಿದವು. ಟ್ರಕ್ಕು ಅದಕ್ಕೆ ಬಡಿದು ನಿಂತಿತು. ಒಳಗಿನಿಂದ ಗುಂಡು ಹಾರಿ ರೊಟ್ಟಿ ಮಾರುವವನ ಕಿವಿ ಕಿತ್ತುಹೋಯಿತು. ಆಮೇಲೆ ಕಲ್ಲುಗಳು ಬಿದ್ದವು, ಗಾಜು ಉಳಿಯಲಿಲ್ಲ, ಬಂದೂಕಿನವನೂ ಉಳಿಯಲಿಲ್ಲ.

ಎವೋದಿಯೊ ಬಂದಾಗ ಅವನ ತೋಳಿನ ಮೇಲೆ ಇನ್ನೂ ಮರದ ಪುಡಿಯಿತ್ತು. ಅಪ್ಪ ಬಿದ್ದಿದ್ದನ್ನು ಕಂಡ. ನಿಲ್ಲಲಿಲ್ಲ, ಅಪ್ಪನನ್ನು ದಾಟಿ ಟ್ರಕ್ಕಿನ ಹತ್ತಿರ ಹೋಗಿ, ಮುರಿದ ಕಿಟಕಿಯಿಂದ ತೆಹೋನನನ್ನು ಕೂದಲು ಹಿಡಿದು ಎಳೆದುಹಾಕಿ, ಎದೆಯ ಮೇಲೆ ಕೂತು ಹೊಡೆಯತೊಡಗಿದ. ಆಯುಧವಿರಲಿಲ್ಲ, ಬರಿಗೈ. ಮೊದಮೊದಲು ತೆಹೋನನ ಮುಖದ ಮೂಳೆಗಳು ಮುರಿಯುತ್ತಿದ್ದವು. ಆಮೇಲೆ ಮುರಿಯುತ್ತಿದ್ದುದು ಎವೋದಿಯೊನ ಬೆರಳುಗಳೇ. ಅವನಿಗೆ ಅದು ತಿಳಿಯುತ್ತಿರಲಿಲ್ಲ. ಹಿಡಿಯಲು ಹೋದ ನನಗೆ ಮೊಣಕೈ ತಗುಲಿ ತುಟಿ ಸೀಳಿತು. ಸುತ್ತ ನಿಂತವರು ಯಾರೂ ಬೇಡ ಎನ್ನಲಿಲ್ಲ.

ಒಬ್ದೂಲಿಯಾ ಬಂದು ಅವನ ಕಿವಿಯ ಹತ್ತಿರ ಬಗ್ಗಿದಳು. ಕೂಗಲಿಲ್ಲ. "ಎವೋ, ಅಪ್ಪಂಗೆ ಇನ್ನೂ ಉಸಿರಿದೆ."

ಅವನು ಎದ್ದ. ಅಪ್ಪನ ಪಕ್ಕ ಮಂಡಿಯೂರಿ, ಹೊಟ್ಟೆಯ ಗಾಯಕ್ಕೆ ಕೈ ಒತ್ತಿದ. ಆ ಕೈಯನ್ನು ತಾತಾ ನೋಡಿದ. ಗೆಣ್ಣುಗಳು ಒಳಗೆ ಕುಸಿದಿದ್ದವು, ನಡುಬೆರಳು ಹಿಂದಕ್ಕೆ ಮಡಿಚಿಕೊಂಡಿತ್ತು.

"ಕೈ ಹಾಳ್ಮಾಡ್ಕೊಂಡ್ಯಲ್ಲೋ ಕತ್ತೆ," ಎಂದ. "ಆ ಹುಡುಗೀದು ಯಾರು ಮುಗಿಸ್ತಾರೆ ಈಗ?"

ಅದೇ ಕೊನೆಯ ಮಾತು. ಊರ ಮುದುಕಿಯರು ಬಂದು ಅವನ ಕಣ್ಣು ಮುಚ್ಚಿದರು.

ತೆಹೋನನನ್ನು ಚೌಕದ ಮಂಟಪದ ಕಂಬಕ್ಕೆ ಕಟ್ಟಿಹಾಕಿದ್ದರು. ಸೈನಿಕರು ಬಂದು ಒಯ್ದಾಗ ಜೀವವಿತ್ತು. ಮುಂದಿನ ಮಳೆಗಾಲದಲ್ಲಿ ಜೈಲಿನೊಳಗೆ ಅವನವರೇ ಅವನನ್ನು ಇರಿದರೆಂದು ಕೇಳಿದೆವು. ಬೆಟ್ಟದವರು ಸುಮ್ಮನಿರಲಿಲ್ಲ. ತಾತಾನನ್ನು ಮಣ್ಣು ಮಾಡಿದ ವಾರದೊಳಗೆ ಬಂದು ಬೀದಿಯ ತುದಿಯ ಎರಡು ಕಾರ್ಖಾನೆ ಸುಟ್ಟರು, ಮೆರುಗೆಣ್ಣೆಯ ಡಬ್ಬಗಳು ಬಾಂಬಿನಂತೆ ಸಿಡಿದವು. ಆದರೆ ಊರು ಆಗಲೇ ದಾರಿಗಳಿಗೆಲ್ಲ ಅಡ್ಡಗಟ್ಟೆ ಹಾಕಿತ್ತು. ಒಳಗೆ ಬಂದವರಲ್ಲಿ ಕೆಲವರು ಹೊರಗೆ ಹೋಗಲಿಲ್ಲ. ನಮ್ಮ ಕಡೆಯೂ ಸತ್ತರು, ರೊಟ್ಟಿ ಮಾರುವವನ ಅಣ್ಣ ಸತ್ತ. ಮೆಲ್ಲಗೆ ಬೆಟ್ಟದವರು ಬೇರೆ ಬೆಟ್ಟ ನೋಡಿಕೊಂಡರು. ಅಡ್ಡಗಟ್ಟೆಯಲ್ಲಿ ಈಗಲೂ ಸರದಿಯ ಕಾವಲಿದೆ.

ಬಲಗೈಗೆ ಮೊಣಕೈವರೆಗೆ ಸಿಮೆಂಟಿನ ಪಟ್ಟಿ ಕಟ್ಟಿಸಿಕೊಂಡು ಎವೋದಿಯೊ ಕಾರ್ಖಾನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ನೆರೈದಾಳ ಗಿಟಾರಿಗೆ ಮೆಟ್ಟಿಲು ಕೂರಿಸುವುದೊಂದೇ ಬಾಕಿ. ಸೀಳುಗಳನ್ನು ಆ ಭಾನುವಾರ ಬೆಳಿಗ್ಗೆಯಷ್ಟೇ ಕೊಯ್ದು ಮುಗಿಸಿದ್ದ. ನಾನು ಹೊಡೆಯುತ್ತೇನೆ ಎಂದೆ. "ನೀನು ಬಣ್ಣ ಬಳಿ," ಎಂದ. ಸುದ್ದಿ ತಿಳಿದು ನೆರೈದಾ ಬಂದಳು. ಸಾಂತ್ವನದ ಮಾತು ಹೇಳಲು ಅವಳಿಗೂ ಬರುತ್ತಿರಲಿಲ್ಲ. ಸುತ್ತಿಗೆ ಎತ್ತಿಕೊಂಡಳು.

"ನನ್ನ ಬಲಗೈ ಚೆನ್ನಾಗಿದೆ. ನಿನ್ನ ಎಡಗೈ ಚೆನ್ನಾಗಿದೆ. ನೀನು ಹಿಡ್ಕೋ, ನಾನು ಹೊಡೀತೀನಿ."

ಅವನು ಮೆಟ್ಟಿಲಿನ ಲೋಹದ ತಂತಿಯ ತುಂಡನ್ನು ಸೀಳಿನ ಮೇಲೆ ಹಿಡಿದ.

"ಮೆಲ್ಲಗೆ ಹೊಡೀಲಾ?"

"ಮೆಲ್ಲಗೆ ಹೊಡೆದ್ರೆ ಎದ್ದು ಬರುತ್ತೆ. ಸಿಟ್ಟಲ್ಲಿ ಹೊಡೆದ್ರೆ ಸೊಟ್ಟ ಆಗುತ್ತೆ. ಗಟ್ಟಿಯಾಗಿ ಹೊಡಿ."

ಕೆಲವು ಚೆನ್ನಾಗಿ ಕೂತವು. ಮೇಲಿನ ಕಡೆಯದೊಂದನ್ನು ಅವಳು ಹೊಡೆದ ರಭಸಕ್ಕೆ ಅದು ಮಡಿಚಿಕೊಂಡು ಮರದ ಚಕ್ಕೆಯೊಂದು ಹಾರಿತು. ಎವೋದಿಯೊನ ಎಡಗೈ ಮೇಲೆದ್ದಿತು. ಅಂಗೈ ತೆರೆದಿತ್ತು, ಅವಳ ಕೆನ್ನೆಗೆ ಒಂದು ಗೇಣಿತ್ತು. ಅವಳು ಹಿಂದೆ ಸರಿಯಲಿಲ್ಲ. ಸುತ್ತಿಗೆಯನ್ನು ಅವನ ಹಣೆಯ ನೇರಕ್ಕೆ ಎತ್ತಿದಳು.

"ಹೊಡಿ ನೋಡೋಣ," ಎಂದಳು. "ನಂಗೆ ಹೊಡೆಸ್ಕೊಂಡು ಅಭ್ಯಾಸ ಆಗಿದೆ. ಹೊಡೆಯೋದು ಈಗ ಕಲೀತಿದೀನಿ."

ಅವನು ಕೈ ಇಳಿಸಿದ. ಎದ್ದು ಹಲಗೆಯ ಗೋಡೆಯ ಆಚೆ ಹೋದ. ಅಲ್ಲಿ ಏನೋ ಬಿದ್ದು ಒಡೆದ ಸದ್ದು ಕೇಳಿತು. ಒಬ್ದೂಲಿಯಾ ನೆರೈದಾಳಿಗೆ ಕೊರುಂದಾ ಕಡುಬು ಬಿಸಿ ಮಾಡಿ ಕೊಟ್ಟಳು, ಅವಳು ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ತಿಂದಳು. ಎವೋದಿಯೊ ತಿರುಗಿ ಬಂದಾಗ ಕಣ್ಣು ಕೆಂಪಗಿತ್ತು. ಹಾರಿದ ಚಕ್ಕೆಯನ್ನು ನೆಲದಲ್ಲಿ ಹುಡುಕಿ, ಅಂಟು ಹಚ್ಚಿ, ಅದೇ ಜಾಗದಲ್ಲಿ ಕೂರಿಸಿದ.

"ಇನ್ನೊಂದು ತುಂಡು ತಗೋ," ಎಂದ. "ಮೊದಲಿಂದ."

ಆ ಗಿಟಾರು ಉರುವಾಪಾನಿನ ಒಂದು ಹಳೆಯ ಕಾಫಿ ಗೋದಾಮಿನಲ್ಲಿ ಮೊದಲ ಸಲ ಜನರ ಮುಂದೆ ಬಂತು. ಎವೋದಿಯೊನ ಕೈಪಟ್ಟಿ ಬಿಚ್ಚಿ ಕೆಲವು ವಾರಗಳಾಗಿದ್ದವು. ನಡುಬೆರಳು ಮಡಚಲು ಬರುತ್ತಿರಲಿಲ್ಲ, ಇಂದಿಗೂ ಬರುವುದಿಲ್ಲ. ನಾನೂ ಒಬ್ದೂಲಿಯಾಳೂ ಹೋಗಿದ್ದೆವು, ಅವಳು ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ಗೋದಾಮಿನ ಹೊರಗೆ ಹಗಲು ಇನ್ನೂ ಇತ್ತು, ಒಳಗೆ ಬೆವರು, ಕತ್ತಲೆ, ಚರಾಂಡಾ ಸಾರಾಯಿಯ ವಾಸನೆ. ನೆರೈದಾ ಬಂದು, ಆ ಸೊಟ್ಟ ಕೈಯನ್ನು ಕೊರಳಿನ ಮೇಲಿಟ್ಟು, ದಪ್ಪ ತಂತಿಯನ್ನು ಒಮ್ಮೆ ಎಳೆದು ಬಿಟ್ಟಳು. ಎದೆಯ ಗೂಡಿನೊಳಗೆ ಯಾರೋ ಒದ್ದಂತಾಯಿತು. ಆಮೇಲೆ ಬೆರಳುಗಳು ಓಡಿದವು. ಆ ಕೈ ಮೇಜಿನ ಮೇಲೆ ಸತ್ತ ಏಡಿಯಂತೆ ಬಿದ್ದಿದ್ದನ್ನು ನಾನು ನೋಡಿದ್ದೆ, ಈಗ ಅದು ಬಿಡುವೇ ಇಲ್ಲದೆ ಮೇಲೆ ಕೆಳಗೆ ಹರಿದಾಡುತ್ತಿತ್ತು. ಶ್ರುತಿ ಒಂದಿನಿತೂ ಜಾರಲಿಲ್ಲ.

ವೇದಿಕೆಯ ಮುಂದೆ ಹುಡುಗರು ಹುಡುಗಿಯರು ಒಬ್ಬರ ಮೇಲೊಬ್ಬರು ಬೀಳುತ್ತ, ಭುಜಕ್ಕೆ ಭುಜ ಡಿಕ್ಕಿ ಹೊಡೆಯುತ್ತ, ಮೊಣಕೈ ಬೀಸುತ್ತ ಸುತ್ತುತ್ತಿದ್ದರು. ಇಷ್ಟು ವರ್ಷ ಈ ಸಂಗೀತಕ್ಕೆ ಗಿಟಾರು ಮಾಡಿಯೂ ಎವೋದಿಯೊ ಯಾವತ್ತೂ ಅದರೊಳಗೆ ಹೋದವನಲ್ಲ. ಆ ದಿನ ಟೊಪ್ಪಿಗೆಯನ್ನು ನನ್ನ ಕೈಗೆ ಕೊಟ್ಟು ಹೋದ. ನಾನು ಅವನನ್ನು ಎರಡು ಸಲ ಕಂಡೆ, ಒಮ್ಮೆ ಯಾರದೋ ತಲೆಯ ಮೇಲೆ, ಒಮ್ಮೆ ನೆಲದಲ್ಲಿ. ಏನಾದೀತೋ ಎಂದು ಒಬ್ದೂಲಿಯಾ ನನ್ನ ತೋಳನ್ನು ಗಿಲ್ಲುತ್ತಲೇ ಇದ್ದಳು.

ಹಾಡು ಮುಗಿದ ಮೇಲೆ ಹೊರಗೆ ಬಂದ. ಅಂಗಿ ಹರಿದಿತ್ತು, ಬಾಯಿಂದ ರಕ್ತ ಬರುತ್ತಿತ್ತು, ಮುಂದಿನ ಹಲ್ಲೊಂದು ಇರಲಿಲ್ಲ.

"ಯಾರು ಹೊಡೆದಿದ್ದು?" ಎಂದೆ.

"ಗೊತ್ತಿಲ್ಲ. ಯಾವನೋ ದಪ್ಪನೆಯವನು. ಅವನೇ ಎತ್ತಿ ನಿಲ್ಲಿಸ್ದ," ಎಂದು ರಕ್ತ ಉಗುಳಿದ. "ಹಲ್ಲು ಹುಡುಕೋಕೂ ನನ್ ಜೊತೆ ಬಗ್ಗಿದ ಪಾಪ. ಸಿಗಲಿಲ್ಲ."

ಅವನು ನಗುತ್ತಿದ್ದ. ಒಳಗೆ ನೆರೈದಾ ಮುಂದಿನ ಹಾಡು ಶುರು ಮಾಡಿದಳು. ಎವೋದಿಯೊ ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಹೋದ. ಅವನ ಟೊಪ್ಪಿಗೆ ನನ್ನ ಕೈಯಲ್ಲೇ ಉಳಿಯಿತು.